ಎರಡು ವಲಸೆಗಳ ಒಂದು ಊಟದ ಮನೆ

ಸೆಪ್ಟೆಂಬರ್ 8 ಕನ್ಯಾಮರಿಯಮ್ಮನವರ ಜನನದ ಮಹೋತ್ಸವ. ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಅದು ಮೋಂತಿ ಫೆಸ್ತ್, ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಮಾತೆಯ ಪಾದಕ್ಕೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯ ಹಿರಿಯರು ಪ್ರತಿಯೊಬ್ಬರಿಗೂ ಕೊಡುತ್ತಾರೆ. ಆ ಬಳಿಕ ಬಾಳೆಯೆಲೆಯ ಮುಂದೆ ಎಲ್ಲರೂ ಒಟ್ಟಾಗಿ ಕೂರುತ್ತಾರೆ. ಪರವೂರಿನಲ್ಲಿ ದುಡಿಯುವ ಮಗನಿಗೆ ಲಕೋಟೆಯೊಳಗೆ ನಾಲ್ಕು ಕಾಳು ಭತ್ತವನ್ನು ಅಂಚೆಯಲ್ಲಿ ಕಳುಹಿಸುವ ತಾಯಂದಿರೂ ನಮ್ಮಲ್ಲಿದ್ದಾರೆ. ಊಟದ ಪಂಕ್ತಿಯಲ್ಲಿ ಅವನ ಸ್ಥಾನ ಬರಿದಾಗಬಾರದೆಂಬುದು ಅದರ ಭಾವ.

ಅದೇ ಸೆಪ್ಟೆಂಬರ್ 8ರಂದು ಭೂಗೋಳದ ಇನ್ನೊಂದು ಮಗ್ಗುಲಲ್ಲಿರುವ ಕ್ಯೂಬಾ ದ್ವೀಪದ ಜನರು ತಮ್ಮ ಪಾಲಕಿಯ ಹಬ್ಬವನ್ನು ಆಚರಿಸುತ್ತಾರೆ. ಅಲ್ಲಿ ಮಾತೆಯ ಹೆಸರು ‘ಲಾ ಕರಿದಾದ್’. ಸ್ಪ್ಯಾನಿಷ್ ಭಾಷೆಯ ಈ ಪದವನ್ನು ದಾನವೆಂದು ಅನುವಾದಿಸುವುದುಂಟು. ಆದರೆ ಇದರ ಮೂಲವಾದ ಲ್ಯಾಟಿನ್ ಪದ ‘ಕಾರಿತಾಸ್’ಗೆ ಧರ್ಮಸಭೆ ಕೊಟ್ಟಿರುವ ಅರ್ಥ ದೈವಿಕ ಪ್ರೀತಿ. ಈ ಎರಡು ಅರ್ಥಗಳ ನಡುವಿನ ಅಂತರವೇ ಇಂದಿನ ನಮ್ಮ ಚಿಂತನೆಯ ವಸ್ತು. ಆ ಚಿಂತನೆಗೆ ನಿಮಿತ್ತವಾದುದು ‘ಲಾ ಕರಿದಾದ್’ ಎಂಬ ಹೆಸರನ್ನು ಫಲಕದ ಮೇಲೆ ಹೊತ್ತಿದ್ದ, ಅರ್ಧ ಶತಮಾನ ಬಾಳಿ 2020ರಲ್ಲಿ ಬಾಗಿಲು ಮುಚ್ಚಿದ, ನ್ಯೂಯಾರ್ಕ್ ನಗರದ ಒಂದು ಸಾಮಾನ್ಯ ಹೋಟೆಲು.

ಹಳೆ ಬಟ್ಟೆ ಮತ್ತು ಹುರಿದ ಅನ್ನ

ಮ್ಯಾನ್‌ಹಟನ್ ದ್ವೀಪದ ಮೇಲ್ಭಾಗದ ಪಶ್ಚಿಮ ವಸತಿ ಪ್ರದೇಶದಲ್ಲಿ, ಬ್ರಾಡ್‌ವೇ ಹೆದ್ದಾರಿಯನ್ನು 78ನೆಯ ಬೀದಿ ಸಂಧಿಸುವ ಮೂಲೆಯಲ್ಲಿ ‘ಲಾ ಕರಿದಾದ್ 78’ ತೆರೆದದ್ದು 1968ರಲ್ಲಿ. ಅದನ್ನು ನಡೆಸಿದವರು ಕ್ಯೂಬಾದಿಂದ ಬಂದ ಚೀನೀಯರು. ಮೇಜಿನ ಮೇಲೆ ರೇಷ್ಮೆ ಹಾಸಿರಲಿಲ್ಲ. ಬಡಿಸುವ ಉಪಚಾರದಲ್ಲಿ ಆಡಂಬರವಿರಲಿಲ್ಲ. ಬೇಗ ಬರುವ, ಹೊಟ್ಟೆ ತುಂಬುವ, ಕೈಗೆಟಕುವ ಬೆಲೆಯ ಊಟ ಅದರ ಹೆಗ್ಗಳಿಕೆ. ಟ್ಯಾಕ್ಸಿ ಚಾಲಕರು, ವಿದ್ಯಾರ್ಥಿಗಳು, ಆ ಬಡಾವಣೆಯ ಹಳೆಯ ನಿವಾಸಿಗಳು ಅಲ್ಲಿಯ ನಿತ್ಯದ ಗಿರಾಕಿಗಳಾಗಿದ್ದರು.

ಆ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಇಂತಹ ಹೋಟೆಲುಗಳು ಹಲವು ಇದ್ದವು. ಅವುಗಳ ಫಲಕದಲ್ಲಿ ‘ಕೊಮಿದಾಸ್ ಚಿನಾಸ್ ಇ ಕ್ರಿಯೊಯಾಸ್’ ಎಂದು ಬರೆದಿರುತ್ತಿತ್ತು. ಚೀನೀ ಊಟ ಮತ್ತು ದ್ವೀಪದ ಊಟ ಎಂದು ಅದರ ಅರ್ಥ. ಭಕ್ಷ್ಯಗಳ ಪಟ್ಟಿಯ ಒಂದು ಭಾಗದಲ್ಲಿ ಕಾಂಟನ್ ಪ್ರಾಂತದ ಹುರಿದ ಅನ್ನ, ಹಿಟ್ಟಿನ ಹಾಳೆಯಲ್ಲಿ ಮಾಂಸ ಮಡಿಚಿ ಸಾರಿನಲ್ಲಿ ಬೇಯಿಸಿದ ವೊಂಟನ್. ಇನ್ನೊಂದು ಭಾಗದಲ್ಲಿ ಕ್ಯೂಬಾದ ಕಪ್ಪು ಕಾಳಿನ ಸಾರು, ಕರಿದ ಹಣ್ಣು ಬಾಳೆ, ಟೊಮೆಟೊ ರಸದಲ್ಲಿ ಎಳೆ ಎಳೆಯಾಗಿ ಬೆಂದ ದನದ ಮಾಂಸ. ಈ ಮಾಂಸದ ಅಡುಗೆಗೆ ಕ್ಯೂಬಾದವರು ಇಟ್ಟ ಹೆಸರು ‘ರೋಪಾ ವಿಯೇಹಾ’, ಎಂದರೆ ಹಳೆ ಬಟ್ಟೆ. ಹರಿದ ವಸ್ತ್ರದ ಎಳೆಗಳಂತೆ ಕಾಣುವುದರಿಂದ ಆ ಹೆಸರು. ಕಪ್ಪು ಕಾಳನ್ನೂ ಬಿಳಿ ಅಕ್ಕಿಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಅದರ ಹೆಸರು ‘ಮೂರರು ಮತ್ತು ಕ್ರೈಸ್ತರು’. ಸ್ಪೇನಿನ ನೆಲದಲ್ಲಿ ಶತಮಾನಗಳ ಕಾಲ ಕಾದಾಡಿದ ಎರಡು ಜನಾಂಗಗಳು ಕೊನೆಗೆ ಒಂದು ಅನ್ನದ ಪಾತ್ರೆಯಲ್ಲಿ ಜತೆಯಾದುದು ವಿನೋದವೂ ಹೌದು, ವಿವೇಕವೂ ಹೌದು.

ಗಿರಾಕಿಯು ಒಂದೇ ತಟ್ಟೆಯಲ್ಲಿ ಚೀನೀ ಹುರಿದ ಅನ್ನವನ್ನೂ ಕ್ಯೂಬಾದ ಕರಿದ ಬಾಳೆಯನ್ನೂ ಕೇಳಬಹುದಿತ್ತು. ಬಡಿಸುವವರು ಚೀನೀ ಮುಖದ ಹಿರಿಯರು. ಅವರ ಬಾಯಲ್ಲಿ ಹರಳು ಹುರಿದಂತೆ ಕ್ಯೂಬಾದ ಸ್ಪ್ಯಾನಿಷ್. ಈ ವಿಸ್ಮಯದ ಹಿಂದಿನ ಚರಿತ್ರೆ ಮಾತ್ರ ವಿನೋದದ್ದಲ್ಲ.

ಕಬ್ಬಿನ ಗದ್ದೆಯ ಎಂಟು ವರ್ಷ

ಕ್ಯೂಬಾ ಆಗ ಸ್ಪೇನಿನ ವಸಾಹತು. ಸಕ್ಕರೆಯೇ ಅದರ ಸಂಪತ್ತು. ಆಫ್ರಿಕದಿಂದ ಗುಲಾಮರನ್ನು ತರುವ ವ್ಯಾಪಾರಕ್ಕೆ ತಡೆ ಬೀಳುತ್ತಿದ್ದಂತೆ ತೋಟದ ಒಡೆಯರ ಕಣ್ಣು ಚೀನದ ಮೇಲೆ ಬಿತ್ತು. 1847ರ ಜೂನ್ ತಿಂಗಳಲ್ಲಿ ‘ಓಕೆಂದೊ’ ಎಂಬ ಹಡಗು ಮೊದಲ ತಂಡವನ್ನು ಹವಾನಾ ಬಂದರಿನಲ್ಲಿ ಇಳಿಸಿತು. ಅಲ್ಲಿಂದ 1874ರವರೆಗೆ ಸುಮಾರು 1,41,000 ಮಂದಿ ಚೀನದ ತೀರದಿಂದ ಹಡಗು ಹತ್ತಿದರು. ಕ್ಯೂಬಾದ ನೆಲವನ್ನು ಮೆಟ್ಟಿದವರು ಸುಮಾರು 1,25,000. ಉಳಿದವರಿಗೆ ಸಮುದ್ರವೇ ಸಮಾಧಿಯಾಯಿತು. ಬಂದವರು ಬಹುತೇಕ ಎಲ್ಲರೂ ಗಂಡಸರು. ಕರಾರು ಎಂಟು ವರ್ಷದ್ದು. ಸಂಬಳ ತಿಂಗಳಿಗೆ 4 ಪೆಸೊ. ಅವಧಿ ಮುಗಿದವರನ್ನು ಮತ್ತೆ ಕರಾರಿಗೆ ಕಟ್ಟಿಹಾಕುವ ಕಾನೂನುಗಳೂ ಬಂದವು. ಚೀನದ ಚಕ್ರವರ್ತಿಯ ಸರಕಾರವು 1874ರಲ್ಲಿ ಕಳುಹಿಸಿದ ವಿಚಾರಣಾ ಆಯೋಗದ ಮುಂದೆ ಈ ಕೂಲಿಗಳು ಹೇಳಿಕೊಂಡ ಸಂಕಟವನ್ನು ಓದಿದವರು, ಅದಕ್ಕೂ ಗುಲಾಮಗಿರಿಗೂ ಹೆಸರಿನ ವ್ಯತ್ಯಾಸವಷ್ಟೇ ಎಂದು ತಿಳಿಯುತ್ತಾರೆ.

ಈ ಹಡಗುಗಳಲ್ಲಿ ಬಹಳಷ್ಟು ಹೊರಟದ್ದು ಪೋರ್ಚುಗೀಸರ ಕೈಯಲ್ಲಿದ್ದ ಮಕಾವು ಬಂದರಿನಿಂದ. ಮಕಾವು 1844ರವರೆಗೆ ಗೋವೆಯ ಆಡಳಿತಕ್ಕೆ ಒಳಪಟ್ಟಿತ್ತು ಎಂಬುದನ್ನು, ಗೋವೆಯಿಂದ ಬಂದ ಪೂರ್ವಜರ ಸಂತತಿಯವರಾದ ನಮ್ಮ ಓದುಗರು ನೆನೆಯಬಹುದು. ತೋಟದ ಒಡೆಯರು ಕ್ರೈಸ್ತರು. ಭಾನುವಾರ ಬಲಿಪೂಜೆಗೆ ಮಂಡಿಯೂರಿದವರು. ಕೂಲಿಗಳಿಗೆ ಸ್ಪ್ಯಾನಿಷ್ ಹೆಸರುಗಳನ್ನಿಟ್ಟರು. ಅನೇಕರಿಗೆ ಸ್ನಾನದೀಕ್ಷೆಯನ್ನೂ ಕೊಡಿಸಿದರು. ಆದರೆ ಒಂದೇ ದೀಕ್ಷೆ ಪಡೆದವರನ್ನು ಒಂದೇ ಮೇಜಿಗೆ ಕರೆಯಲಿಲ್ಲ. ಹೊಲ ಕೊಯ್ದವರಿಗೆ ತಡೆಹಿಡಿದ ಕೂಲಿಯು ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ ಎಂದು ಸಂತ ಯಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ ಎಚ್ಚರಿಸಿದ್ದನ್ನು ಅವರು ಕೇಳದೆ ಇದ್ದಿರಲಾರರು.

ಇಷ್ಟಾದರೂ ಚೀನೀಯರು ಆ ನೆಲವನ್ನು ತಮ್ಮದಾಗಿಸಿಕೊಂಡರು. ಕರಾರಿನಿಂದ ಬಿಡುಗಡೆಯಾದವರು ತರಕಾರಿ ಬೆಳೆದರು, ಬೀದಿಯಲ್ಲಿ ತಿಂಡಿ ಮಾರಿದರು, ಬಟ್ಟೆ ಒಗೆದರು, ದಿನಸಿ ಅಂಗಡಿ ತೆರೆದರು. ಹವಾನಾದಲ್ಲಿ ಚೀನೀಯರ ಕೇರಿಯೊಂದು ಬೆಳೆಯಿತು. 1868ರಲ್ಲಿ ಆರಂಭವಾದ ಸ್ವಾತಂತ್ರ್ಯ ಸಮರಗಳಲ್ಲಿ ಕ್ಯೂಬಾದವರೊಂದಿಗೆ ಹೆಗಲು ಕೊಟ್ಟು ಹೋರಾಡಿದರು. ಅವರಲ್ಲಿ ಓಡಿಹೋದವನಾಗಲಿ ದ್ರೋಹವೆಸಗಿದವನಾಗಲಿ ಒಬ್ಬನೂ ಇರಲಿಲ್ಲವೆಂಬ ಸಾಕ್ಷ್ಯವನ್ನು ಹವಾನಾದ ಸ್ಮಾರಕ ಸ್ತಂಭವೊಂದು ಇಂದಿಗೂ ಸಾರುತ್ತಿದೆ.

ಉಪ್ಪು ತರಲು ಹೋದವರು ಕಂಡ ಮಾತೆ

ಹೋಟೆಲಿನ ಹೆಸರಿಗೆ ಮರಳೋಣ. ಕ್ಯೂಬಾದ ಸಂಪ್ರದಾಯದ ಪ್ರಕಾರ ಸುಮಾರು 1612ರಲ್ಲಿ ಮೂವರು ಒಂದು ಸಣ್ಣ ದೋಣಿಯಲ್ಲಿ ನೀಪೆ ಕೊಲ್ಲಿಗೆ ಹೋದರು. ಇಬ್ಬರು ಆ ನೆಲದ ಮೂಲನಿವಾಸಿ ಸಹೋದರರು. ಮೂರನೆಯವನು ಆಫ್ರಿಕನ್ ವಂಶದ ಗುಲಾಮ ಬಾಲಕ ಹುವಾನ್ ಮೊರೆನೊ. ಹೋದ ಕಾರಣ ಅಡುಗೆಮನೆಯದೇ: ಮಾಂಸ ಕೆಡದಂತೆ ಇಡಲು ಉಪ್ಪು ಬೇಕಿತ್ತು. ಬಿರುಗಾಳಿ ತಣಿದ ಬೆಳಗಿನಲ್ಲಿ ಅಲೆಗಳ ಮೇಲೆ ತೇಲಿಬರುತ್ತಿದ್ದ ಒಂದು ಹಲಗೆ ಕಾಣಿಸಿತು. ಅದರ ಮೇಲೆ ಬಾಲಯೇಸುವನ್ನು ಎತ್ತಿಕೊಂಡ ಮಾತೆಯ ಪುಟ್ಟ ಪ್ರತಿಮೆ. ತಾನು ಕರಿದಾದ್ ಮಾತೆ ಎಂಬ ಬರಹ. ಮುದುಕನಾದ ಹುವಾನ್ ಮೊರೆನೊ 1687ರಲ್ಲಿ ಪ್ರಮಾಣಪೂರ್ವಕವಾಗಿ ಕೊಟ್ಟ ಹೇಳಿಕೆ ದಾಖಲೆಯಾಗಿ ಉಳಿದಿದೆ. ಒಬ್ಬ ಗುಲಾಮನ ಮಾತನ್ನು ಧರ್ಮಸಭೆ ಸಾಕ್ಷ್ಯವೆಂದು ಸ್ವೀಕರಿಸಿದ ಸಂದರ್ಭವದು.

ಪ್ರತಿಮೆಯನ್ನು ಸಾಂತಿಯಾಗೊ ಪಟ್ಟಣದ ಸಮೀಪದ ತಾಮ್ರದ ಗಣಿಯೂರು ಎಲ್ ಕೋಬ್ರೆಯಲ್ಲಿ ಪ್ರತಿಷ್ಠಾಪಿಸಲಾಯಿತು. ಸ್ವಾತಂತ್ರ್ಯ ಸಮರದ ಹಿರಿಯ ಯೋಧರ ಬಿನ್ನಹವನ್ನು ಮನ್ನಿಸಿ ಜಗದ್ಗುರು 15ನೇ ಬೆನೆಡಿಕ್ಟರು 1916ರಲ್ಲಿ ಕರಿದಾದ್ ಮಾತೆಯನ್ನು ಕ್ಯೂಬಾದ ಪಾಲಕಿಯೆಂದು ಸಾರಿದರು. 1998ರ ಜನವರಿಯಲ್ಲಿ ಜಗದ್ಗುರು 2ನೇ ಜಾನ್ ಪೌಲರು ಸಾಂತಿಯಾಗೊದಲ್ಲಿ ಆ ಪ್ರತಿಮೆಗೆ ಕಿರೀಟಧಾರಣೆ ಮಾಡಿದರು. ಕ್ಯೂಬಾದವರು ದೇಶ ಬಿಟ್ಟಾಗ ಮಾತೆಯೂ ಅವರೊಡನೆ ಹೊರಟರು. 1961ರಲ್ಲಿ ಒಂದು ಪ್ರತಿಮೆ ಅಮೆರಿಕದ ಮಯಾಮಿ ನಗರಕ್ಕೆ ತಲುಪಿತು. ನಿರಾಶ್ರಿತರು ಚಿಲ್ಲರೆ ಕಾಸು ಕೂಡಿಸಿ ಕಟ್ಟಿದ ದೇವಾಲಯ 1973ರಲ್ಲಿ ಅಲ್ಲಿ ಪ್ರತಿಷ್ಠಾಪನೆಗೊಂಡಿತು.

ಮತ್ತೊಮ್ಮೆ ಗಂಟು ಕಟ್ಟಿದವರು

1959ರ ಕ್ರಾಂತಿಯ ನಂತರ ಕ್ಯೂಬಾದ ಖಾಸಗಿ ವ್ಯಾಪಾರಗಳು ಒಂದೊಂದಾಗಿ ಸರಕಾರದ ಕೈಸೇರಿದವು. ಉಳಿದಿದ್ದ ಸಣ್ಣ ಅಂಗಡಿ, ಊಟದ ಮನೆ, ಧೋಬಿಖಾನೆಗಳನ್ನೂ 1968ರ ಮಾರ್ಚ್‌ನಲ್ಲಿ ವಶಪಡಿಸಿಕೊಳ್ಳಲಾಯಿತು. ಅಂಗಡಿಯೇ ಜೀವನವಾಗಿದ್ದ ಚೀನೀಯರು ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು. ಅಮೆರಿಕವು 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚುವ ಕಾನೂನು ಮಾಡಿತ್ತು. ಅದು ರದ್ದಾದುದು 1943ರಲ್ಲಿ. 1965ರ ಹೊಸ ಕಾನೂನು ಜನಾಂಗದ ಲೆಕ್ಕದಲ್ಲಿ ವಲಸಿಗರನ್ನು ಅಳೆಯುವ ಪದ್ಧತಿಯನ್ನು ಕೈಬಿಟ್ಟಿತು. ಆ ತೆರೆದ ಬಾಗಿಲಿನಿಂದ ನ್ಯೂಯಾರ್ಕಿಗೆ ಬಂದವರಲ್ಲಿ ಈ ಕ್ಯೂಬಾದ ಚೀನೀಯರೂ ಇದ್ದರು.

ಅವರ ಪಾಡು ವಿಚಿತ್ರವಾದುದು. ನೋಡಿದವರಿಗೆ ಅವರು ಚೀನೀಯರು, ಮಾತಾಡಿಸಿದವರಿಗೆ ಕ್ಯೂಬಾದವರು. ಅವರಲ್ಲಿ ಹಲವರು ನಗರದ ಚೀನೀ ಕೇರಿಯನ್ನು ಬಿಟ್ಟು ಸ್ಪ್ಯಾನಿಷ್ ಮಾತಿನ ಬಡಾವಣೆಗಳಲ್ಲಿ ಹೋಟೆಲು ತೆರೆದರು. ಹೀಗೆ ಒಂದು ಮನೆತನ ಎರಡು ಸಲ ಕಳೆದುಕೊಂಡ ಎರಡು ಊರುಗಳು ಮೂರನೆಯ ಊರಿನ ಒಂದು ತಟ್ಟೆಯಲ್ಲಿ ಸೇರಿದವು.

ಇಂತಹುದನ್ನು ಅರಿಯಲು ನಮ್ಮವರು ಅಷ್ಟು ದೂರ ಹೋಗಬೇಕಾಗಿಲ್ಲ. ಮುಂಬಯಿಯಲ್ಲಿ ನಮ್ಮ ಕರಾವಳಿಯವರು ನಡೆಸುವ ಹೋಟೆಲುಗಳ ಪಟ್ಟಿಯಲ್ಲಿ ಇಡ್ಲಿ ದೋಸೆಗಳ ಜತೆ ಪಂಜಾಬಿನ ಅಡುಗೆಯೂ ಇರುತ್ತದೆ. ತುಳುನಾಡಿನಿಂದ ಅನ್ನ ಹುಡುಕಿಕೊಂಡು ಹೋದವರ ಅಡುಗೆಮನೆಯಲ್ಲಿ, ದೂರದ ಪಂಜಾಬಿನಿಂದ ಬಂದ ರುಚಿಗೂ ಒಲೆಯೊಂದು ದೊರೆಯಿತು.

ಬೆರೆಯದೆ ಕೂಡಿದ್ದು

ತತ್ತ್ವಶಾಸ್ತ್ರದ ಪಾಠದಲ್ಲಿ ಅರಿಸ್ಟಾಟಲನ ಒಂದು ವಿವೇಚನೆ ಬರುತ್ತದೆ. ಗೋಧಿಯನ್ನೂ ಜವೆಗೋಧಿಯನ್ನೂ ಒಟ್ಟಿಗೆ ಸುರಿದರೆ ಅದು ಜೋಡಣೆ. ಕಾಳುಗಳು ಪಕ್ಕಪಕ್ಕದಲ್ಲಿದ್ದೂ ತಾವು ತಾವೇ ಆಗಿರುತ್ತವೆ. ಎರಡು ವಸ್ತುಗಳು ಪರಸ್ಪರ ಮಾರ್ಪಟ್ಟು ಮೂರನೆಯದಾದರೆ ಮಾತ್ರ ಅದು ನಿಜವಾದ ಮಿಶ್ರಣ. ಈಗಿನ ದುಬಾರಿ ಹೋಟೆಲುಗಳಲ್ಲಿ ಎರಡು ದೇಶಗಳ ಅಡುಗೆಯನ್ನು ಕಲಸಿ ಹೊಸದೊಂದು ಭಕ್ಷ್ಯ ಸೃಷ್ಟಿಸುವ ಕೌಶಲವಿದೆ. ‘ಲಾ ಕರಿದಾದ್’ ಅಂತಹದನ್ನು ಮಾಡಲು ಹೋಗಲಿಲ್ಲ. ಅಲ್ಲಿ ಹುರಿದ ಅನ್ನ ಹುರಿದ ಅನ್ನವಾಗಿಯೇ ಇತ್ತು. ಕಪ್ಪು ಕಾಳು ಕಪ್ಪು ಕಾಳಾಗಿಯೇ ಇತ್ತು. ಯಾವುದೂ ತನ್ನ ರುಚಿಯನ್ನು ಬಿಟ್ಟುಕೊಡಲಿಲ್ಲ. ಒಂದಾದುದು ಮೇಜು.

ಇದು ನಮಗೆ ಮುಖ್ಯವೆನಿಸುತ್ತದೆ. ಐಕ್ಯವೆಂದರೆ ಎಲ್ಲರೂ ಒಂದೇ ಬಗೆಯವರಾಗುವುದೆಂಬ ಭ್ರಮೆ ಸಮಾಜದಲ್ಲೂ ಇದೆ, ದೇವಾಲಯದ ಅಂಗಳದಲ್ಲೂ ಇದೆ. ಹೊಸದಾಗಿ ಬಂದವನು ನಮ್ಮ ಭಾಷೆಯಲ್ಲಿ ಹಾಡಲಿ, ನಮ್ಮಂತೆ ಉಡಲಿ, ನಮ್ಮಂತೆ ಉಣ್ಣಲಿ, ಆಮೇಲೆ ಅವನು ನಮ್ಮವನು ಎಂಬುದು ಆ ಭ್ರಮೆಯ ತರ್ಕ. ಇದಕ್ಕೆ ಎದುರಾಗಿ ಇನ್ನೊಂದು ತಪ್ಪೂ ಇದೆ: ಅವನು ಅವನ ಪಾಡಿಗೆ ಇರಲಿ, ನಾವು ನಮ್ಮ ಪಾಡಿಗೆ. ‘ಕಥೋಲಿಕ’ ಎಂಬ ಗ್ರೀಕ್ ಮೂಲದ ಪದ ಸಮಗ್ರತೆಯನ್ನು ಸೂಚಿಸುತ್ತದೆ. ಸಮಗ್ರವಾದುದರಲ್ಲಿ ಭಾಗಗಳು ಅಳಿಯುವುದಿಲ್ಲ, ಅಗಲುವುದೂ ಇಲ್ಲ.

ಅಂತಿಯೋಕ್ಯದ ಮೇಜು

ಆದಿ ಧರ್ಮಸಭೆಯ ಬಹುದೊಡ್ಡ ವಾಗ್ವಾದವೊಂದು ನಡೆದುದು ಊಟದ ವಿಷಯದಲ್ಲೇ. ಯೊಪ್ಪ ಪಟ್ಟಣದ ಮಾಳಿಗೆಯ ಮೇಲೆ ಹಸಿದಿದ್ದ ಪೇತ್ರರಿಗೆ ದೇವರು ದರ್ಶನದಲ್ಲಿ ತೋರಿಸಿದ್ದು ಸಕಲ ವಿಧದ ಜೀವಿಗಳಿದ್ದ ಒಂದು ಹಾಸುಬಟ್ಟೆಯನ್ನು. ಅದರ ಬಲದಿಂದ ಅವರು ಅನ್ಯಜನಾಂಗದ ಕೊರ್ನೇಲಿಯನ ಮನೆಯ ಹೊಸ್ತಿಲು ದಾಟಿದರು. ಆದರೆ ಅಂತಿಯೋಕ್ಯದಲ್ಲಿ ಅನ್ಯಜನಾಂಗದ ಕ್ರೈಸ್ತರೊಡನೆ ಉಣ್ಣುತ್ತಿದ್ದ ಅದೇ ಪೇತ್ರರು, ಜೆರುಸಲೇಮಿನಿಂದ ಕೆಲವರು ಬಂದೊಡನೆ ಹಿಂಜರಿದು ಪಂಕ್ತಿಯಿಂದ ದೂರ ಸರಿದರು. ಸಂತ ಪೌಲರು ಎಲ್ಲರೆದುರಿನಲ್ಲೇ ಅವರನ್ನು ಆಕ್ಷೇಪಿಸಿದ ಪ್ರಸಂಗ ಗಲಾತ್ಯರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ.

ಪೇತ್ರರು ಯಾವ ವಿಶ್ವಾಸ ಸತ್ಯವನ್ನೂ ನಿರಾಕರಿಸಿರಲಿಲ್ಲ. ಯಾರನ್ನೂ ನಿಂದಿಸಿರಲಿಲ್ಲ. ಊಟದಿಂದ ಎದ್ದು ಹೋದರು, ಅಷ್ಟೆ. ಅಷ್ಟರಿಂದಲೇ ಶುಭಸಂದೇಶದ ಸತ್ಯಕ್ಕೆ ಭಂಗ ಬಂತೆಂದು ಪೌಲರು ಕಂಡುಕೊಂಡರು. ಸತ್ಯವನ್ನು ಬಾಯಿಂದ ಒಪ್ಪಿ ಪಂಕ್ತಿಯಲ್ಲಿ ನಿರಾಕರಿಸಬಹುದೆಂಬ ಈ ಎಚ್ಚರಿಕೆ ಎರಡು ಸಾವಿರ ವರ್ಷಗಳ ನಂತರವೂ ಹಳತಾಗಿಲ್ಲ.

ನಮ್ಮ ಅಂಗಳದ ವಲಸಿಗರು

ನಮ್ಮ ಹಂಚಿನ ಮನೆಗಳು ಕಾಂಕ್ರೀಟ್ ಮಹಡಿಗಳಾಗುತ್ತಿರುವ ಈ ಕಾಲದಲ್ಲಿ, ಆ ಮಹಡಿಗಳ ಮೇಲೆ ಇಟ್ಟಿಗೆ ಹೊರುವವರಲ್ಲಿ, ತೋಟಗಳಲ್ಲಿ ದುಡಿಯುವವರಲ್ಲಿ, ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರಲ್ಲಿ ಝಾರ್ಖಂಡ, ಒಡಿಶಾ, ಛತ್ತೀಸಗಢ, ಅಸ್ಸಾಮುಗಳಿಂದ ಬಂದವರಿದ್ದಾರೆ. ಅವರಲ್ಲಿ ಕೆಲವರ ಕೊರಳಿನಲ್ಲಿ ಜಪಸರವಿದೆ. ಛೋಟಾನಾಗಪುರದ ಆದಿವಾಸಿಗಳ ನಡುವೆ 1885ರಿಂದ ಸೇವೆ ಸಲ್ಲಿಸಿದ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವೆನ್ಸರು, ಜಮೀನ್ದಾರರ ಎದುರು ಅವರ ಭೂಮಿಯ ಹಕ್ಕಿಗಾಗಿ ನ್ಯಾಯಾಲಯದವರೆಗೆ ಹೋದವರು. ಅಂದು ವಿಶ್ವಾಸಕ್ಕೆ ಬಂದ ಕುಟುಂಬಗಳ ಮೊಮ್ಮಕ್ಕಳು ಮರಿಮಕ್ಕಳು ಇಂದು ನಮ್ಮ ಧರ್ಮಕೇಂದ್ರಗಳ ಮಿತಿಯೊಳಗೆ, ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತಿದ್ದಾರೆ.

ಭಾನುವಾರ ಅವರು ದೇವಾಲಯಕ್ಕೆ ಬರುತ್ತಾರೆ. ಕೊನೆಯ ಬೆಂಚಿನ ಹಿಂದೆ ನಿಲ್ಲುತ್ತಾರೆ. ಪರಮಪ್ರಸಾದದ ಸಾಲಿನಲ್ಲಿ ಕೊನೆಯವರಾಗಿ ಬರುತ್ತಾರೆ. ಪೂಜೆ ಮುಗಿದು ನಾವು ಅಂಗಳದಲ್ಲಿ ಕುಶಲೋಪರಿಯಲ್ಲಿ ತೊಡಗಿರುವಾಗ ಅವರು ಗೇಟು ದಾಟಿರುತ್ತಾರೆ. ಕ್ರಿಸ್ಮಸ್ ಬಂದಾಗ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಅವರಿಗೆ ಅಕ್ಕಿಯ ಚೀಲ, ಹೊದಿಕೆ ಹಂಚುತ್ತೇವೆ. ಈ ಕಾರ್ಯವನ್ನು ಮಾಡುವ ಸಂಘಗಳಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ಹಸಿದವನಿಗೆ ಮೊದಲು ಬೇಕಾದುದು ಅನ್ನವೇ. ಆದರೆ ಪೊಟ್ಟಣ ಕೊಟ್ಟವನ ಕೈ ಮೇಲಿರುತ್ತದೆ, ಪಡೆದವನ ಕೈ ಕೆಳಗಿರುತ್ತದೆ. ಒಂದೇ ಮೇಜಿನಲ್ಲಿ ಕುಳಿತವರ ಕೈಗಳು ಒಂದೇ ಎತ್ತರದಲ್ಲಿರುತ್ತವೆ.

ನ್ಯೂಯಾರ್ಕಿನ ಆ ಹೋಟೆಲು ದಾನಛತ್ರವಾಗಿರಲಿಲ್ಲ. ಟ್ಯಾಕ್ಸಿ ಚಾಲಕ ತನ್ನ ಊಟಕ್ಕೆ ತಾನೇ ಹಣ ಕೊಟ್ಟ. ಹೋಟೆಲಿನವನು ತನ್ನ ದುಡಿಮೆಗೆ ತಕ್ಕುದನ್ನು ಪಡೆದ. ಯಾರೂ ಯಾರ ಹಂಗಿನಲ್ಲೂ ಇರಲಿಲ್ಲ. ಕರಿದಾದ್ ಎಂಬ ಹೆಸರು ಅಂತಹ ಸ್ಥಳಕ್ಕೆ ಸಲ್ಲುತ್ತದೆಯೇ ಎಂದು ಕೇಳಬಹುದು. ಸಲ್ಲುತ್ತದೆಂದೇ ನಮ್ಮ ಅಭಿಪ್ರಾಯ. ಸ್ವಾಭಿಮಾನವನ್ನು ಕಸಿಯದೆ ಹಸಿವನ್ನು ನೀಗಿಸುವುದು ಪ್ರೀತಿಯ ಉನ್ನತ ರೂಪಗಳಲ್ಲಿ ಒಂದು. ಹಾಗೆಯೇ, ವಲಸೆ ಕಾರ್ಮಿಕನಿಗೆ ನಾವು ಸಲ್ಲಿಸಬೇಕಾದ ಮೊದಲ ಕರಿದಾದ್ ಅವನ ದುಡಿಮೆಯ ಪೂರ್ಣ ಕೂಲಿ, ಹೇಳಿದ ದಿನದಂದು. ಕಟ್ಟಡದ ಒಡೆಯರು, ತೋಟದ ಯಜಮಾನರು, ಗುತ್ತಿಗೆದಾರರು ನಮ್ಮ ಬೆಂಚುಗಳಲ್ಲೂ ಕುಳಿತಿದ್ದಾರೆ. ಕೂಲಿಯನ್ನು ಹಿಡಿದಿಟ್ಟುಕೊಂಡು ಹೊದಿಕೆ ಹಂಚುವುದು ಕ್ಯೂಬಾದ ತೋಟದೊಡೆಯರ ಧರ್ಮವೇ ಹೊರತು ಕ್ರಿಸ್ತರದ್ದಲ್ಲ.

ಎರಡನೆಯದು ಆಸನ. ಧರ್ಮಕೇಂದ್ರದ ವಾರ್ಷಿಕ ಹಬ್ಬದ ಊಟಕ್ಕೆ ಅವರಿಗೆ ಆಮಂತ್ರಣವಿರಲಿ. ಪಾತ್ರೆ ತೊಳೆಯಲು ಕರೆಯುವುದಲ್ಲ, ಪಂಕ್ತಿಯಲ್ಲಿ ಕೂರಲು ಕರೆಯುವುದು. ವಾಳೆಯ ಕೂಟಗಳಲ್ಲಿ ಅವರ ಊರು, ಅವರ ಹೆತ್ತವರು, ಅವರ ಹಬ್ಬಗಳ ಕುರಿತು ಯಾರಾದರೂ ಕೇಳಲಿ. ವರ್ಷಕ್ಕೊಮ್ಮೆಯಾದರೂ ಬಲಿಪೂಜೆಯಲ್ಲಿ ಅವರ ಭಾಷೆಯ ಒಂದು ಹಾಡಿಗೆ ಎಡೆಯಿರಲಿ. ಅವರ ನಾಡಿನಲ್ಲೂ ರಾಗಿ ಬೆಳೆಯುತ್ತದೆ. ಅವರು ಅದನ್ನು ಮಡುವಾ ಎನ್ನುತ್ತಾರೆ, ರೊಟ್ಟಿ ತಟ್ಟುತ್ತಾರೆ. ಅಕ್ಕಿ ಕಡಲೆಬೇಳೆಗಳನ್ನು ಅರೆದು ಎಣ್ಣೆಯಲ್ಲಿ ಕರಿಯುವ ಧುಸ್ಕಾ ಅವರ ಹಬ್ಬದ ತಿಂಡಿ. ಮನಸ್ಸಿದ್ದವರು ಅದನ್ನು ಮಾಡಿ ತರಲಿ. ನಮ್ಮ ಸಾನ್ನದ ಬುಟ್ಟಿಯ ಪಕ್ಕದಲ್ಲಿ ಧುಸ್ಕಾದ ತಟ್ಟೆಯೂ ಇರಲಿ. ಸಾನ್ನ ಸಾನ್ನವಾಗಿಯೇ ಉಳಿಯುತ್ತದೆ, ಧುಸ್ಕಾ ಧುಸ್ಕಾ ಆಗಿಯೇ ಉಳಿಯುತ್ತದೆ. ಕೊಡುವವರು ಯಾವಾಗಲೂ ನಾವೇ, ಪಡೆಯುವವರು ಯಾವಾಗಲೂ ಅವರೇ ಎಂಬ ಲೆಕ್ಕ ಮಾತ್ರ ಅಳಿಯುತ್ತದೆ.

ಇದಕ್ಕೆ ಕಾಲಮಿತಿಯಿದೆ ಎಂಬುದನ್ನೂ ನೆನೆಯಬೇಕು. ನ್ಯೂಯಾರ್ಕಿನ ಕ್ಯೂಬಾ-ಚೀನೀ ಹೋಟೆಲುಗಳು ಒಂದೊಂದಾಗಿ ಮುಚ್ಚಿದವು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅವನ್ನು ಕಟ್ಟಿದ ತಲೆಮಾರಿನವರು ವೃದ್ಧರಾದರು. ಒಲೆಯ ಮುಂದೆ ಬೆಂದ ತಂದೆತಾಯಿಗಳು ಓದಿಸಿದ ಮಕ್ಕಳು ಬೇರೆ ವೃತ್ತಿಗಳನ್ನು ಹಿಡಿದರು. ಬಾಡಿಗೆ ಏರಿತು. ಐವತ್ತೆರಡು ವರ್ಷ ಬಾಳಿದ ‘ಲಾ ಕರಿದಾದ್ 78’ 2020ರ ಜುಲೈಯಲ್ಲಿ ಕೊನೆಯ ತಟ್ಟೆ ಬಡಿಸಿತು. ಹಾಗೆ ಮುಚ್ಚಿದ್ದು ಸೋಲೇನೂ ಅಲ್ಲ. ಊರಿಲ್ಲದವರಿಗೆ ಒಂದು ತಲೆಮಾರಿನ ಕಾಲ ಊರಾಗಿ ನಿಂತು ಅದು ತನ್ನ ಕೆಲಸ ಮುಗಿಸಿತು. ನಮ್ಮ ನಡುವಿನ ಕಾರ್ಮಿಕರೂ ಕಟ್ಟಡ ಮುಗಿದೊಡನೆ ಬೇರೆ ಊರಿಗೆ ಹೋಗುವವರು. ಅವರೊಡನೆ ಉಣ್ಣಲು ನಮಗಿರುವ ಅವಕಾಶ ಕೆಲವು ತಿಂಗಳುಗಳದ್ದು, ಹೆಚ್ಚೆಂದರೆ ಕೆಲವು ವರ್ಷಗಳದ್ದು.

ಮುಂಬರುವ ಸೆಪ್ಟೆಂಬರ್ 8ರಂದು ಆಶೀರ್ವದಿಸಿದ ತೆನೆ ನಮ್ಮ ಮನೆಗಳಿಗೆ ಬರುತ್ತದೆ. ದೂರದಲ್ಲಿರುವ ನಮ್ಮ ಮಗನಿಗೆ ನಾಲ್ಕು ಕಾಳು ಕಳುಹಿಸುವಾಗ, ನಮ್ಮ ಬೇಲಿಯಾಚೆಯ ಶೆಡ್ಡಿನಲ್ಲಿರುವವನೂ ದೂರದ ತಾಯಿಯೊಬ್ಬಳ ಮಗನೆಂಬುದನ್ನು ನೆನೆಯೋಣ. ಆ ದಿನದ ಊಟಕ್ಕೆ ಒಂದು ಎಲೆ ಹೆಚ್ಚು ಹಾಕೋಣ. ಅವನನ್ನು ಹೆಸರು ಹಿಡಿದು ಕರೆಯೋಣ. ಕರಿದಾದ್ ಮಾತೆ, ಮೋಂತಿ ಮಾತೆ, ನಮ್ಮೆಲ್ಲರನ್ನೂ ತಮ್ಮ ಪುತ್ರನ ಒಂದೇ ಮೇಜಿಗೆ ಕರೆದೊಯ್ಯಲಿ.